ಹೋಗಿಯೂ ಬಾರದ ದುಡ್ಡು

“ಬುದ್ಧೀ, ನಾನೀಗ ಎಲ್ಲಿದ್ದೇನೆ?” ಎಂದು ಚನ್ನವೀರ ಗುರುಗಳನ್ನು ಕೇಳಿದ.

ಚನ್ನವೀರ ಮನೆ ಬಿಟ್ಟು ಮಠ ಸೇರಿ ಮೂರು ವರ್ಷವಾಗಿತ್ತು. ಆ ದಿನ ಬೆಳಗ್ಗೆ ಅವನ ಅಕ್ಕ ಊರಿನಿಂದ ಬಂದಿದ್ದಳು. ಅವ್ವ ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನೇ ಕೇಳುತ್ತಿದ್ದಾಳೆ ಎಂದು ಒಳಗೆ ಹೇಳಿಕಳಿಸಿ ಜಗುಲಿಯಲ್ಲಿ ಕೂತಿದ್ದಳು. ಮಧ್ಯಾಹ್ನದ ಪ್ರಸಾದ ಮುಗಿದರೂ ಚನ್ನವೀರ ಹೊರಗೆ ಹೋಗಿರಲಿಲ್ಲ.

“ಮನೆ ಬಿಟ್ಟೆ, ಆದ್ದರಿಂದ ಅಲ್ಲಿಯವನಲ್ಲ. ಇಲ್ಲಿ ಇನ್ನೂ ಏನೂ ಕೈಗೆ ಹತ್ತಿಲ್ಲ, ಆದ್ದರಿಂದ ಇಲ್ಲಿಯವನೂ ಅಲ್ಲ. ಅಕ್ಕನ ಮುಂದೆ ತಮ್ಮನಾಗಿ ನಿಲ್ಲಬೇಕೋ ಮಠದವನಾಗಿ ನಿಲ್ಲಬೇಕೋ ತಿಳಿಯುತ್ತಿಲ್ಲ. ಬಿಟ್ಟಿದ್ದೇನೆ, ಮುಟ್ಟಿಲ್ಲ. ಮೊದಲು ಇದೊಂದು ಬಗೆಹರಿಯಲಿ ಎಂದು ಬೆಳಗಿನಿಂದ ಕೂತಿದ್ದೇನೆ. ತಲೆ ಕೆಟ್ಟುಹೋಗಿದೆ.”

“ಹಾಗಾದರೆ ಕೇಳು,” ಎಂದು ಗುರುಗಳು ಹೇಳತೊಡಗಿದರು.

ಹೆದ್ದಾರಿಯ ಪಕ್ಕದ ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಹಗ್ಗ, ಸರಪಳಿ, ಗುದ್ದಲಿ, ಮೊಳೆ ಮಾರುತ್ತಿದ್ದ. ಒಳ್ಳೆಯವನೇ. ತೂಕದಲ್ಲಿ ಮೋಸವಿಲ್ಲ. ಹಗ್ಗ ಅಳೆಯುವಾಗ ಕೈ ಮೊಟಕು ಮಾಡುವವನಲ್ಲ. ಅವನ ಅಪ್ಪನ ಕಾಲದಲ್ಲಿ ಅಂಗಡಿಗೆ ಮರದ ಗಲ್ಲಾಪೆಟ್ಟಿಗೆ ಇತ್ತು. ಆಮೇಲೆ ಕಾರ್ಡು ಉಜ್ಜುವ ಯಂತ್ರ ಬಂತು. ಉಜ್ಜುವವರು ವರ್ಷಕ್ಕೆ ನಾಲ್ಕು ಜನ. ಕಡೆಗೆ ಬಂದದ್ದು ಮಾತಾಡುವ ಡಬ್ಬಿ. ಗಿರಾಕಿ ಗೋಡೆಗೆ ಅಂಟಿಸಿದ ಸ್ಕ್ಯಾನರ್ ಚೀಟಿಗೆ ಫೋನು ಹಿಡಿಯುತ್ತಾನೆ, ದುಡ್ಡು ಬಂತೆಂದು ಡಬ್ಬಿ ಕೂಗುತ್ತದೆ, ಗಿರಾಕಿ ಸಾಮಾನು ಎತ್ತಿಕೊಂಡು ಹೋಗುತ್ತಾನೆ. ಚಿಲ್ಲರೆಯ ಜಗಳವಿಲ್ಲ, ಹರಿದ ನೋಟಿನ ರಗಳೆಯಿಲ್ಲ. ವರ್ತಕ ಆರಾಮಾಗಿದ್ದ. ಗಲ್ಲಾಪೆಟ್ಟಿಗೆಯಲ್ಲಿ ನಟ್ಟು ಬೋಲ್ಟು ತುಂಬಿಟ್ಟ.

ಒಮ್ಮೆ ಒಬ್ಬ ಚಾಲಾಕಿ ಯಾವಾಗಲೋ ಹಾಕಿದ ದುಡ್ಡಿನ ಸ್ಕ್ರೀನ್‌ಶಾಟ್ ತೋರಿಸಿ ಪಿಕಾಸಿ ಹೊಡೆದುಕೊಂಡು ಹೋದ. ಅಂದಿನಿಂದ ವರ್ತಕ ಒಂದು ನೇಮ ಮಾಡಿಕೊಂಡ. ಡಬ್ಬಿ ಕೂಗದೆ ಸಾಮಾನು ಬಿಡುವುದಿಲ್ಲ. ಅದು ತಪ್ಪೇನಲ್ಲ. ಅಂಗಡಿ ಇಟ್ಟವನಿಗೆ ಒಂದು ನೇಮ ಬೇಕು.

ಒಂದು ದಿನ ಪಕ್ಕದ ಹಳ್ಳಿಯ ಹೆಂಗಸೊಬ್ಬಳು ಓಡಿಬಂದಳು. ಸೊಂಟದವರೆಗೆ ಕೆಸರು. ಹಾಲು ಮಾರಿ ಬದುಕುವವಳು. ಮನೆಗಿದ್ದ ಒಂದೇ ಎಮ್ಮೆ, ಅದೂ ಗಬ್ಬದ್ದು, ನೀರಿಗಿಳಿದು ಕೆರೆಯ ಹೂಳಿನಲ್ಲಿ ಸಿಕ್ಕಿಕೊಂಡಿತ್ತು. ಇದ್ದ ಹಗ್ಗ ಕಟ್ಟಿ ಎಳೆದಾಗ ಹಗ್ಗವೇ ಕಿತ್ತುಹೋಯಿತು. ಅವಳ ಗಂಡ ಎಮ್ಮೆಯ ತಲೆ ಮುಳುಗದಂತೆ ಎತ್ತಿ ಹಿಡಿದುಕೊಂಡು ಕೆಸರಿನಲ್ಲೇ ನಿಂತಿದ್ದ. ಇಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು.

ವರ್ತಕ ತಡ ಮಾಡಲಿಲ್ಲ. ಹತ್ತು ಮಾರು ದಪ್ಪ ಹಗ್ಗ ಅಳೆದ, ಕೊಯ್ದ, ಸುತ್ತಿ ಮುಂದಿಟ್ಟು ಅದರ ಮೇಲೆ ಎಡಗೈ ಇಟ್ಟುಕೊಂಡ. ಹೆಂಗಸು ಚೀಟಿಗೆ ಫೋನು ಹಿಡಿದು ದುಡ್ಡು ಹಾಕಿದಳು. ಡಬ್ಬಿ ಕೂಗಲಿಲ್ಲ.

“ಹೋಗೈತೆ ಅಣ್ಣಾ, ನೋಡಿಲ್ಲಿ. ನನ್ ಅಕೌಂಟಿಂದ ಕಟ್ ಆಗೈತೆ.”

ವರ್ತಕ ಅವಳ ಫೋನು ನೋಡಿದ. ದುಡ್ಡು ಹೋದದ್ದು ನಿಜ. ತನ್ನ ಫೋನು ನೋಡಿದ. ಬಾರದಿದ್ದದ್ದೂ ನಿಜ.

“ನೀನು ಸುಳ್ಳು ಹೇಳ್ತಿಲ್ಲ ತಾಯಿ. ಹೋಗೈತೆ. ಆದ್ರೆ ನಂಗೆ ಬಂದಿಲ್ವಲ್ಲ. ಒಂದ್ ನಿಮಿಷ ಇರು.”

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಅಪ್ಪನ ಕಾಲದಲ್ಲಿ ದುಡ್ಡು ಒಂದೋ ಗಿರಾಕಿಯ ಕೈಯಲ್ಲಿರುತ್ತಿತ್ತು, ಇಲ್ಲವೇ ಗಲ್ಲಾಪೆಟ್ಟಿಗೆಯಲ್ಲಿ. ನೆಲಕ್ಕೆ ಬಿದ್ದರೆ ಬಗ್ಗಿ ಹುಡುಕಬಹುದಿತ್ತು. ಇದು ಅವಳ ಹತ್ತಿರ ಇಲ್ಲ, ತನ್ನ ಹತ್ತಿರವೂ ಇಲ್ಲ. ಹಾಗಾದರೆ ಎಲ್ಲಿದೆ? ಕೈಯಲ್ಲಿ ದುಡ್ಡಿಲ್ಲ, ಆಮೇಲೆ ಕೊಡುತ್ತೇನೆ ಎಂದು ಅವಳು ಅಂದಿದ್ದರೆ, ಮುಖ ನೋಡಿ ಕೊಟ್ಟು ಕಳಿಸುತ್ತಿದ್ದನೋ ಏನೋ. ಆದರೆ ಅವಳು ಕೊಟ್ಟಿದ್ದೇನೆ ಅಂದಳು. ಕೊಟ್ಟವಳಿಗೆ ಸಾಲ ಕೊಡುವುದು ಹೇಗೆ? ಅದಕ್ಕೆ ಅವನ ಹತ್ತಿರ ನೇಮವಿರಲಿಲ್ಲ.

ಅಂಗಡಿಯ ಮುಂದಿದ್ದವರು ಸೇರಿಕೊಂಡರು. ಕೆಲಸವಿಲ್ಲದವರಿಗೆ ಇಂಥದ್ದು ಸಿಕ್ಕರೆ ಹಬ್ಬ. ದುಡ್ಡು ಬ್ಯಾಂಕಿನಲ್ಲಿದೆ ಎಂದ ಒಬ್ಬ. ಯಾವ ಬ್ಯಾಂಕು, ಅವಳದೋ ನನ್ನದೋ ಎಂದು ವರ್ತಕ ಕೇಳಿದ್ದಕ್ಕೆ ತಲೆ ಕೆರೆದುಕೊಂಡ. ಇನ್ನೊಬ್ಬ, ಗುಡ್ಡದ ಮೇಲಿನ ಟವರಿನಲ್ಲಿ ಸಿಕ್ಕಿಕೊಂಡಿದೆ ಎಂದ. ಮೂರನೆಯವನು, ದೇಶದ ದುಡ್ಡೆಲ್ಲ ಮೊದಲು ಮುಂಬಯಿಗೆ ಹೋಗಿ ಬರಬೇಕು, ಈಗ ಅಲ್ಲಿ ಊಟದ ಹೊತ್ತು ಎಂದ. ಎಲ್ಲರೂ ನಕ್ಕರು. ವರ್ತಕನೂ ನಕ್ಕ. ನಕ್ಕು ಮತ್ತೆ ಗೊಂದಲಕ್ಕೆ ಬಿದ್ದ.

ಫೋನು ಆರಿಸಿ ಹಚ್ಚಿದ. ಡಬ್ಬಿಯನ್ನು ತಟ್ಟಿದ, ಅಲ್ಲಾಡಿಸಿದ. ಮೂರು ದಿನದೊಳಗೆ ದುಡ್ಡು ಇತ್ತ ಸೇರುತ್ತದೆ, ಇಲ್ಲವೇ ಅತ್ತ ಮರಳುತ್ತದೆ ಎಂದು ಅವಳ ಫೋನಿನಲ್ಲಿ ಬರೆದಿತ್ತು. ಆ ಮೂರು ದಿನ ಅದು ಯಾರದು? ಅವಳದಾದರೆ ಹಗ್ಗ ಕೊಡುವಂತಿಲ್ಲ. ನನ್ನದಾದರೆ ಹಗ್ಗ ಇಟ್ಟುಕೊಳ್ಳುವಂತಿಲ್ಲ. ಯಾರದೂ ಅಲ್ಲವಾದರೆ ಹಗ್ಗ ಯಾರದು? ಜಿಪುಣತನದಿಂದ ಅವನು ತಡೆದದ್ದಲ್ಲ, ಅಷ್ಟನ್ನು ಹೇಳಲೇಬೇಕು. ಇಬ್ಬರೂ ನಿಜವನ್ನೇ ಹೇಳುತ್ತಿರುವಾಗ ತಪ್ಪು ಎಲ್ಲಿದೆ ಎಂಬುದು ಅವನಿಗೆ ತಿಳಿಯಬೇಕಾಗಿತ್ತು. ಯೋಚಿಸಿದಷ್ಟೂ ಅದು ಜಟಿಲವಾಯಿತು, ಜಟಿಲವಾದಷ್ಟೂ ಬಿಡಲು ಮನಸ್ಸಾಗಲಿಲ್ಲ.

ಹೆಂಗಸು ಎರಡು ಸಲ “ಅಣ್ಣಾ” ಎಂದಳು. ಮೂರನೆಯ ಸಲ ಹಗ್ಗಕ್ಕೆ ಕೈ ಚಾಚಿದಳು. ಅವನು ಅವಳ ಕಡೆ ನೋಡದೆ, “ಇರು ತಾಯಿ, ಇರು” ಎಂದ. ಎಡಗೈ ಹಗ್ಗದ ಮೇಲೆ ಹಾಗೆಯೇ ಇತ್ತು.

ತಲೆಯೆತ್ತಿದಾಗ ಅವಳಿರಲಿಲ್ಲ. ಅಷ್ಟರಲ್ಲಿ ಡಬ್ಬಿ ಕೂಗಿತು. ದುಡ್ಡು ಬಂದಿತ್ತು. ಅಂಗಡಿಯನ್ನು ತೆರೆದಂತೆಯೇ ಬಿಟ್ಟು, ಹಗ್ಗ ಹೆಗಲಿಗೆ ಹಾಕಿಕೊಂಡು ಓಡಿದ.

ಕೆರೆಯ ದಂಡೆಯಲ್ಲಿ ಜನ ಸುಮ್ಮನೆ ನಿಂತಿದ್ದರು. ಸೀರೆಗಳಿಗೆ ಗಂಟು ಹಾಕಿ ಎಳೆದು ನೋಡಿದ್ದರು, ಸೀರೆಗಳು ಹರಿದಿದ್ದವು. ಗಂಡನ ಕೈ ಸೋತಿತ್ತು. ಎಮ್ಮೆಯ ಮೂಗು ಕೆಸರಿನೊಳಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ಹೆಂಗಸು ನೆಲದ ಮೇಲೆ ಕೂತಿದ್ದಳು. ವರ್ತಕ ಅವಳ ಮುಂದೆ ನಿಂತು ಹೆಗಲಿನ ಹಗ್ಗ ಇಳಿಸಿದ.

“ದುಡ್ಡು ಬಂತು ತಾಯಿ. ತಗೋ,” ಎಂದ.

ಅವಳು ತೆಗೆದುಕೊಂಡಳು. ಸತ್ತ ಎಮ್ಮೆಯನ್ನು ದಡಕ್ಕೆ ಎಳೆಯಲು ಹಗ್ಗ ಬೇಕಾಗಿತ್ತು. ಎಳೆಯುವಾಗ ವರ್ತಕನೂ ಕೈ ಹಚ್ಚಿದ. ಒಳ್ಳೆಯ ಹಗ್ಗ, ಕಿತ್ತುಹೋಗಲಿಲ್ಲ.

ಕಥೆಯನ್ನು ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆಮೇಲೆ ಹೇಳಿದರು:

“ಆ ವರ್ತಕ ಒಂದು ದಿನ ನನ್ನ ಹತ್ತಿರ ಬಂದ. ಎಮ್ಮೆಯ ಬೆಲೆಯನ್ನು ಅವಳಿಗೆ ಕೊಟ್ಟಿದ್ದ. ಆದರೂ ಅವನಿಗೆ ಸಮಾಧಾನವಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಕಾಲಿಗೆ ಬಿದ್ದು ಕೇಳಿದ. ‘ಆ ದುಡ್ಡು ಅವಳ ಕೈ ಬಿಟ್ಟಿತ್ತು, ನನ್ನ ಕೈ ಸೇರಿರಲಿಲ್ಲ. ಅಷ್ಟು ಹೊತ್ತು ಅದು ಎಲ್ಲಿತ್ತು ಬುದ್ಧೀ, ಅದೊಂದನ್ನು ಹೇಳಿಬಿಡಿ’ ಎಂದ.”

ಚನ್ನವೀರ ಮುಂದಕ್ಕೆ ಸರಿದು ಕೂತ. “ನಾನು ಕೇಳಿದ್ದೂ ಅದನ್ನೇ. ತಾವು ಏನು ಹೇಳಿದಿರಿ?”

“ಅಷ್ಟು ಹೊತ್ತು ಎಮ್ಮೆ ಎಲ್ಲಿತ್ತು ಎಂದು ಕೇಳಿದೆ,” ಎಂದರು ಗುರುಗಳು.

ಚನ್ನವೀರ ಎದ್ದು, ಅಕ್ಕ ಕೂತಿದ್ದ ಜಗುಲಿಯ ಕಡೆ ಹೊರಟ.