ನೀರುಗಂಟಿಯ ಸೀಟಿ

ಶಿಷ್ಯ ನಿರ್ವಾಣಪ್ಪ ಕೈಯಲ್ಲಿ ಫೋನು ಹಿಡಿದು ಬಂದು ಕೇಳಿದ: "ಗುರುಗಳೇ, ಸಂಜೆಯ ಪ್ರವಚನವನ್ನು ಬೆಳಗಿನ ಜಾವ ಐದಕ್ಕೆ ಇಡೋಣವೇ ಎಂದು ಮಠದ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಒಬ್ಬರೂ ಬೇಡವೆನ್ನಲಿಲ್ಲ. ಎಲ್ಲರೂ ಒಪ್ಪಿದರೆಂದು ತಿಳಿಯಬಹುದೇ?"

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಬೀದಿ ನಳಗಳಿಗೆ ನೀರು ಬಿಡುವುದು ಅವನ ಕೆಲಸ. ಕರೆಂಟು ಬಂದಾಗ ನೀರು. ಅದಕ್ಕೊಂದು ಹೊತ್ತು ಗೊತ್ತು ಇರಲಿಲ್ಲ. ಆದ್ದರಿಂದ ನೀರು ಬಿಡುವ ಮೊದಲು ಅವನು ಓಣಿ ಓಣಿ ಸುತ್ತಿ ಸೀಟಿ ಊದುತ್ತಿದ್ದ. ಸೀಟಿ ಕೇಳಿ ಹೆಂಗಸರು ಕೊಡ ಹಿಡಿದು ಬರುತ್ತಿದ್ದರು. ಅರ್ಧ ಗಂಟೆಗೆ ನೀರು ನಿಲ್ಲುತ್ತಿತ್ತು.

ಅವನಿಗೆ ವಯಸ್ಸಾಯಿತು, ಮೊಣಕಾಲು ನೋಯತೊಡಗಿತು. ಊರವರು ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಅದರಲ್ಲಿ 'ನೀರು ಬಿಟ್ಟಿದೆ' ಎಂದು ಬರೆದು ಹಾಕಿದ. ಕೂತಲ್ಲಿಗೇ ನೂರು ನಮಸ್ಕಾರ ಬಂದವು. ಸೀಟಿ ಊದಿದ ಮೂವತ್ತು ವರ್ಷದಲ್ಲಿ ಒಬ್ಬರೂ ಅವನಿಗೆ ಕೈಮುಗಿದಿರಲಿಲ್ಲ. ಹಿಗ್ಗಿ ಹೀರೇಕಾಯಿಯಾದ. ಸೀಟಿಯನ್ನು ಗೂಟಕ್ಕೆ ತೂಗುಹಾಕಿದ. ಆದರೂ ಪಾಪಕ್ಕೆ ಅಂಜುವ ಮನುಷ್ಯ. 'ಈ ಗುಂಪಿನಲ್ಲಿ ಇಲ್ಲದವರು ಯಾರಾದರೂ ಇದ್ದರೆ ತಿಳಿಸಿರಿ' ಎಂದು ಗುಂಪಿನಲ್ಲೇ ಬರೆದ. ಯಾರೂ ತಿಳಿಸಲಿಲ್ಲ. ಎಲ್ಲರೂ ಇದ್ದಾರೆಂದು ನೆಮ್ಮದಿಯಾಗಿ ಕೂತ.

ಅವನ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ನೀರು ಎರೆಯಲು ಮೇಲೋಣಿಯ ಅಜ್ಜಿಯೊಬ್ಬಳು ದಿನಾ ಬರುತ್ತಿದ್ದಳು. ಅವಳು ಎರೆದರಷ್ಟೇ ಕೂಸು ನಿದ್ದೆ ಮಾಡುತ್ತಿತ್ತು. ಆ ಅಜ್ಜಿ ಮೂರು ದಿನ ಬರಲಿಲ್ಲ. ಕೂಸು ಅತ್ತಿತು, ಮಗಳೂ ಅತ್ತಳು. ನಾಲ್ಕನೆಯ ದಿನ ನೀರುಗಂಟಿ ಕಾಲೆಳೆಯುತ್ತ ಮೇಲೋಣಿಗೆ ಹೋದ. ಅಜ್ಜಿ ಕೆರೆಯಿಂದ ಕೊಡ ಹೊತ್ತು ಬರುತ್ತಿದ್ದಳು. ಹಿಂದೆ ಓಣಿಯ ಹೆಂಗಸರೆಲ್ಲ ಇದ್ದರು.

"ಯಾಕವ್ವಾ, ಕೂಸಿಗೆ ಎರಿಯಾಕ ಬರಲಿಲ್ಲ?"

"ನೀ ಸೀಟಿ ಊದಲಿಲ್ಲಲ್ಲೋ ತಮ್ಮಾ. ನಳದಾಗ ನೀರ ಬರವಲ್ದು ಅಂತ ಕೆರಿಗೆ ಹೋಗಿ ಬರೂದ್ರಾಗ ಹೊತ್ತ ಮುಳುಗತೈತಿ. ಕೂಸು ದಿನಾ ನೆನಪಾಗತೈತಿ ನನಗ."

ನೀರುಗಂಟಿಗೆ ನಾಚಿಕೆಯಾಯಿತು. ಅಜ್ಜಿಯ ಬಳಿ ಫೋನೇ ಇರಲಿಲ್ಲ. ಉಳಿದ ಮನೆಗಳ ಫೋನು ಗಂಡಸರ ಕಿಸೆಯಲ್ಲಿತ್ತು, ಗಂಡಸರು ಹೊಲದಲ್ಲಿದ್ದರು. ಅವನಿಗೆ ಕೈಮುಗಿದವರಲ್ಲಿ ಕೊಡ ಹಿಡಿಯುವವರು ಒಬ್ಬರೂ ಇರಲಿಲ್ಲ.

ಮರುದಿನ ಸೀಟಿ ಗೂಟದಿಂದ ಇಳಿಯಿತು. ಫೋನಿನಲ್ಲೂ ಬರೆದ, ಓಣಿಯಲ್ಲೂ ಊದಿದ. ಅಜ್ಜಿ ತನ್ನ ಕೊಡ ತುಂಬಿಸಿಟ್ಟು ಬಂದಳು. ಕಾಲು ಚಾಚಿ ಕೂತು, ಕೂಸನ್ನು ಮಲಗಿಸಿಕೊಂಡು ಎರೆದಳು. ಕೂಸು ಮಧ್ಯಾಹ್ನದ ತನಕ ಏಳಲಿಲ್ಲ. ಮೊಣಕಾಲು ನೋಯುತ್ತಿದ್ದರೂ ನೀರುಗಂಟಿ ಸುಖವಾಗಿದ್ದ.

ನಿರ್ವಾಣಪ್ಪ ನಕ್ಕುಬಿಟ್ಟ. "ಎಂಥ ದಡ್ಡ ಗುರುಗಳೇ ಅವನು. ಗುಂಪಿನಲ್ಲಿ ಇಲ್ಲದವರನ್ನು ಗುಂಪಿನಲ್ಲೇ ಕೇಳುತ್ತಾರೆಯೇ?"

ಗುರುಗಳೂ ನಕ್ಕರು. "ಬೆಳಗಿನ ಐದಕ್ಕೆ ಎದ್ದು ಪ್ರವಚನ ಹೇಳಬೇಕಾದವನು ನಾನು, ನಿನ್ನ ಗುಂಪಿನಲ್ಲಿ ನಾನಿದ್ದೇನೆಯೇ, ನಿರ್ವಾಣಪ್ಪ?"