ಎಳೆಗೊಂಬಿನ ಕಡವೆ

ಹೊಳೆದಡದ ಬೇಟೆಗಾರರ ಹಟ್ಟಿಗೆ ಗಾದ್ರಜ್ಜನೇ ಗುರು. ಕಣ್ಣು ಮಂಜಾದ ಮೇಲೆ ಅವನು ಬಿಲ್ಲು ಹಿಡಿಯುತ್ತಿರಲಿಲ್ಲ, ಹಿಡಿಯುವವರನ್ನು ತಿದ್ದುತ್ತಿದ್ದ.

ಶಿಷ್ಯರಲ್ಲಿ ಸೂರಯ್ಯ ಚುರುಕು. ಮಳೆಗಾಲದ ಮೊದಲ ಬೇಟೆ ತಂದವನೇ ಹಟ್ಟಿಯ ಮುಂದಾಳು. ಆ ಜಾಗದ ಮೇಲೆ ಅವನ ಕಣ್ಣಿತ್ತು. ಅವನು ಹೊರಟಾಗ ಜೊತೆಗಾರರು, “ಮುಂದಾಳು ಹೊರಟ, ದಾರಿ ಬಿಡ್ರಪ್ಪ” ಎಂದು ರೇಗಿಸಿದ್ದರು.

ಆ ಕಾಲಕ್ಕೆ ಗಂಡು ಕಡವೆಗೆ ಹೊಸ ಕೊಂಬು ಬೆಳೆಯುತ್ತಿರುತ್ತದೆ. ಮೇಲೆ ಮಖಮಲ್ಲಿನಂಥ ತೊಗಲು, ಒಳಗೆ ಬಿಸಿ ರಕ್ತ. ಕಡ್ಡಿ ತಾಗಿದರೂ ನೋವು. ಅದಕ್ಕೇ ಅದು ಪೊದೆಗೆ ಹೋಗದೆ ಬಯಲಲ್ಲೇ ಮೇಯುತ್ತದೆ. ಹೊಡೆಯುವವನಿಗೆ ಅಷ್ಟು ಸಾಕು.

ಸಂಜೆ ಸೂರಯ್ಯ ಬರಿಗೈಯಲ್ಲಿ ಬಂದ.

“ಹೊಡೆದೆಯಾ?” ಗುರು ಕೇಳಿದ.

“ಹೊಡೆದೆ ಅಜ್ಜ. ಅದು ತಲೆ ತಿರುಗಿಸಿಬಿಟ್ಟಿತು, ಬಾಣ ಕೊಂಬನ್ನು ಸವರಿತು. ಸ್ವಲ್ಪ ರಕ್ತ, ಅಷ್ಟೇ. ವಾಸಿಯಾಗುತ್ತೆ.”

ಗುರು ಬಾಣ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದ. “ತೊಳೆದಿದ್ದೀಯ.”

“ರಕ್ತ ಅಂಟಿತ್ತು.”

“ಬರೀ ರಕ್ತವೇ?”

“ಬರೀ ರಕ್ತ.”

“ಯಾವ ಕಡೆ ಓಡಿತು?”

“ಬಡಗಣ ಬಯಲಿಗೆ.”

ಆ ಹಟ್ಟಿಯಲ್ಲಿ ಒಂದು ಕಟ್ಟಳೆಯಿತ್ತು. ಮೈಗೆ ಬಾಣ ತಾಗಿ ತಪ್ಪಿಸಿಕೊಂಡ ಮೃಗ ಸಿಗುವ ತನಕ ಹೊಡೆದವನ ಒಲೆ ಹೊತ್ತುವಂತಿಲ್ಲ. ಕೊಂಬನ್ನಷ್ಟೇ ಸವರಿದರೆ ಈ ಕಟ್ಟಳೆ ಇಲ್ಲ. ಸೂರಯ್ಯನ ಮನೆಯಲ್ಲಿ ಹಸಿ ಬಾಣಂತಿ. ಹೊರಗೆ ಮಳೆ ಹಿಡಿದುಕೊಂಡಿತ್ತು.

“ಸರಿ. ಹೋಗಿ ಒಲೆ ಹಚ್ಚಿಕೋ,” ಎಂದ ಗುರು.

ಸೂರಯ್ಯ ಹೊಸ್ತಿಲು ದಾಟುವಷ್ಟರಲ್ಲಿ ಹಿಂದೆ ಚುಂಯ್ ಎಂದು ಸದ್ದಾಯಿತು. ಗುರು ತನ್ನ ಒಲೆಗೆ ನೀರು ಸುರಿದಿದ್ದ.

“ಇದೇನಜ್ಜ? ಹೊಡೆದವನು ನಾನು.”

“ಕಲಿಸಿದವನು ನಾನು. ಮಳೆಗೆ ಹೆಜ್ಜೆ ಉಳಿಯೋದಿಲ್ಲ. ಅದು ಹೋದ ದಾರಿ ನಿನಗೊಬ್ಬನಿಗೇ ಗೊತ್ತು. ನೆನಪಾದರೆ ಬಾ.”

ಮರುದಿನ ಗುರುವಿನ ಕೆಮ್ಮು ಹಟ್ಟಿಗೆಲ್ಲ ಕೇಳಿಸಿತು. ಸೂರಯ್ಯನ ಹೆಂಡತಿ ಕೆಂಚವ್ವ ಬಿಸಿ ಗಂಜಿ ಕಳಿಸಿದಳು. ಚಟ್ಟಿ ಹಾಗೇ ವಾಪಸು ಬಂತು.

“ಮುದುಕನದು ಹಠ,” ಎಂದ ಸೂರಯ್ಯ.

“ಹಠ ಯಾರದು ಅಂತ ನನಗೂ ಕಾಣ್ತಿದೆ,” ಎಂದಳು ಕೆಂಚವ್ವ. “ನಿನ್ನೆ ಬಂದವನು ಎಷ್ಟು ಸಲ ಕೈ ತೊಳೆದೆಯೋ! ಕೊಂಬು ಅಷ್ಟು ನಾರುತ್ತದೇನು?”

ಸೂರಯ್ಯ ಒಲೆಗೆ ಇನ್ನೊಂದು ಕೊರಡು ತಳ್ಳಿದ.

ಮಾರನೆಯ ಬೆಳಗ್ಗೆ ಕೆಮ್ಮು ಕೇಳಿಸಲಿಲ್ಲ. ಅವನು ಎದ್ದು ಓಡಿದ. ಗುರು ತಣ್ಣನೆಯ ಒಲೆಯ ಪಕ್ಕ ಕಂಬಳಿ ಹೊದ್ದು ಕೂತಿದ್ದ. ತುಟಿ ನೀಲಿಗಟ್ಟಿತ್ತು.

“ಬಡಗಣ ಬಯಲಲ್ಲ ಅಜ್ಜ. ಮುಳ್ಳಿನ ಕೊರಕಲಿಗೆ ಹೋಯಿತು.”

“ಎಳೆಗೊಂಬಿನ ಗಂಡು, ಮುಳ್ಳಿಗೆ ನುಗ್ಗಿತೇ?”

“ನುಗ್ಗಿತು. ಪೊದೆಗಳಿಗೆ ತಲೆಯೆತ್ತರಕ್ಕೆ ರಕ್ತ ಮೆತ್ತಿತ್ತು. ಅದನ್ನೇ ಹಿಡಿದುಕೊಂಡು ಕೊಂಬಿನ ಗಾಯ ಅಂದುಬಿಟ್ಟೆ.”

“ಮುಳ್ಳಿಗೆ ನುಗ್ಗಿತು ಅಂದರೆ ಅದು ಕೊಂಬಿನ ಆಸೆ ಬಿಟ್ಟಿತ್ತು. ಬಾಣದ ಮೇಲೆ ಏನಿತ್ತು?”

ಸೂರಯ್ಯ ನೆಲ ನೋಡಿದ. “ಹಸಿರು. ಅರೆಬರೆ ಮೆದ್ದ ಹುಲ್ಲು. ಕರುಳಿನ ನಾತ.”

ಗುರು ಅವನ ಹೆಗಲು ಹಿಡಿದು ಎದ್ದ. “ಬಿಲ್ಲು ತಗೊಂಡು ನಡೆ. ಹೊಟ್ಟೆಗೆ ಬಿದ್ದದ್ದು ನೀರು ಹುಡುಕುತ್ತೆ.”

ಕೊರಕಲು ಹೊಳೆಗೆ ಸೇರುವಲ್ಲಿ ಕಡವೆ ಮಡುವಿಗಿಳಿದು ನಿಂತಿತ್ತು. ಕೊಂಬಿನ ತೊಗಲು ಚಿಂದಿಯಾಗಿ ಕಣ್ಣ ಮೇಲೆ ಜೋತಿತ್ತು. ಹೊಟ್ಟೆಯ ಗಾಯದಲ್ಲಿ ಹುಳು. ಹಿಂದೊಡೆಯನ್ನು ಸೀಳುನಾಯಿಗಳು ಆಗಲೇ ಕಿತ್ತು ತಿಂದಿದ್ದವು. ಈಗ ದಡದಲ್ಲಿ ಕೂತಿದ್ದವು. ಅವಕ್ಕೇನೂ ಅವಸರವಿರಲಿಲ್ಲ.

“ಇದೆಯಾ?” ಗುರುವಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ.

“ಇದೆ.”

“ಜೀವ?”

“ಇದೆ.”

“ಮತ್ತೆ ಯಾರಿಗೆ ಕಾಯ್ತಿದ್ದೀಯ?”

ಸೂರಯ್ಯ ಬಿಲ್ಲೆತ್ತಿದ. ಬಾಣ ಕುತ್ತಿಗೆಗೇ ನಾಟಿತು. ನೀರು ಕದಡಿ, ಮತ್ತೆ ಸುಮ್ಮನಾಯಿತು.

“ಮಾಂಸ?” ಗುರು ಕೇಳಿದ.

“ಕೆಟ್ಟುಹೋಗಿದೆ. ಹಟ್ಟಿಗೆ ಒಂದು ತುಂಡೂ ಸಿಗಲ್ಲ.”

ಗುರು ಹಿಂತಿರುಗಿದ. ಇಬ್ಬರೂ ಏರು ಹತ್ತಿದರು. ಅರ್ಧ ದಾರಿಯಲ್ಲಿ ಸೂರಯ್ಯ ನಿಂತ.

“ಮುಂದಾಳುತನ ಬೇರೆಯವರಿಗೆ ಕೊಡು ಅಜ್ಜ, ನಾನು ಕೇಳೋದಿಲ್ಲ. ಆದರೆ ಒಂದು ಮಾತು ಹೇಳು. ಮನೆಯಲ್ಲಿ ಹಸುಗೂಸು. ಅವತ್ತೇ ನಿಜ ಹೇಳಿ ಒಲೆ ಆರಿಸಿದ್ದರೆ ಮಗು ಚಳಿಗೆ ಸಾಯುತ್ತಿತ್ತು. ಸುಳ್ಳಾಡದೆ ನಾನು ಇನ್ನೇನು ಮಾಡಬೇಕಿತ್ತು?”

ಗುರುವಿಗೆ ಕೆಮ್ಮು ಒತ್ತರಿಸಿ ಬಂತು. ಅದು ನಿಲ್ಲುವ ತನಕ ಶಿಷ್ಯ ಕಾದ.

“ಕಟ್ಟಳೆ ಇದ್ದದ್ದು ನಿನ್ನೊಬ್ಬನ ಒಲೆಗೆ, ಸೂರ. ಹಟ್ಟಿ ತುಂಬ ಒಲೆ ಉರೀತಿದ್ದವು. ಯಾರ ಬಾಗಿಲಲ್ಲಾದರೂ ನಿಂತು ‘ನನ್ನ ಗುರಿ ತಪ್ಪಿತು, ಬಾಣಂತೀನ ಒಳಗೆ ಕರಕೊಳ್ಳಿ’ ಅಂದಿದ್ದರೆ ಸಾಕಿತ್ತು.”