ಕಣ್ಣು ಬರೆಯದ ಗೋಡೆ

“ಹೊಟ್ಟೆಪಾಡಿಗೆಂದು ಕೆಲಸವನ್ನು ನಾಲ್ಕು ದಿನ ಎಳೆದರೆ ತಪ್ಪೇ, ಗುರುಗಳೇ?”

ಕೇಳಿದವನು ಸಂಸಾರಸ್ಥ ಶಿಷ್ಯ. ಗಾರೆಯಲ್ಲಿ ಬೊಂಬೆ ಮಾಡುವುದು ಅವನ ಕಸುಬು. ಎಲ್ಲೆಡೆ ವ್ಯಾಪಾರ ಬಿದ್ದುಹೋದ ವರ್ಷ ಅದು. ಅರಮನೆಯವರು ಕಟ್ಟಿಸುತ್ತಿದ್ದ ಛತ್ರದಲ್ಲಿ ಅವನಿಗೆ ಕೂಲಿ ಸಿಕ್ಕಿತ್ತು. ಕೆಲಸ ಮುಗಿಯುತ್ತಾ ಬಂದಿತ್ತು.

ಗುರುಗಳು ಕೂರೆಂದು ಕೈ ತೋರಿಸಿ, ನಿಧಾನವಾಗಿ ಹೇಳತೊಡಗಿದರು.

ನೇಯುವವರ ಊರೊಂದಿತ್ತು. ಮಳೆ ಬೆಳೆಗೆ ಕೊರತೆ ಇರಲಿಲ್ಲ. ಆದರೆ ಹೊರನಾಡಿನವರು ಬಟ್ಟೆ ಕೊಳ್ಳುವುದನ್ನು ನಿಲ್ಲಿಸಿದರು. ಮಗ್ಗ ನಿಂತಿತು, ಬಣ್ಣದ ಬಾನಿ ಒಣಗಿತು. ಅರಮನೆಯ ಕಣಜದಲ್ಲಿ ಜೋಳವಿದ್ದರೂ ಜನರ ಮನೆಯಲ್ಲಿ ಗಂಜಿ ಇಲ್ಲದಂತಾಯಿತು. ಅರಸ ಯೋಚಿಸಿದ. ಸುಮ್ಮನೆ ಕೊಟ್ಟರೆ ಜನ ತಲೆ ತಗ್ಗಿಸುತ್ತಾರೆ, ಕೆಲಸ ಕೊಟ್ಟರೆ ತಲೆ ಎತ್ತಿ ಉಣ್ಣುತ್ತಾರೆ. ಕೆರೆಗೆ ಕೆಲವರನ್ನು ಕಳಿಸಿದ, ದಾರಿಗೆ ಕೆಲವರನ್ನು. ಒಬ್ಬ ಚಿತ್ರಗಾರನಿಗೆ, “ಬರಿದಾದ ಪೇಟೆಯ ಗೋಡೆಯ ಮೇಲೆ ಊರಿನವರನ್ನು ಬರೆ. ತಾವು ಯಾರೆಂಬುದನ್ನು ಅವರು ಮರೆಯದಿರಲಿ” ಎಂದ. ಕೆಲಸ ಮುಗಿಯುವವರೆಗೆ ದಿನಕ್ಕೊಂದು ಸೇರು ಜೋಳ ಎಂದು ನಿಗದಿಯಾಯಿತು.

ಚಿತ್ರಗಾರರಲ್ಲಿ ಒಂದು ಕಟ್ಟಳೆಯುಂಟು. ಮೈ, ಬಟ್ಟೆ, ಒಡವೆ ಎಲ್ಲ ಮುಗಿದ ಮೇಲೆ ಕಡೆಗೆ ಕಣ್ಣು. ಕಣ್ಣು ಬರೆದರೆ ಕೆಲಸ ಮುಗಿಯಿತು. ಮತ್ತೆ ಕುಂಚ ಮುಟ್ಟಿಸುವಂತಿಲ್ಲ.

ಈ ಚಿತ್ರಗಾರನ ಹೆಂಡತಿ ಜ್ವರದಲ್ಲಿ ಬಿದ್ದು ಎದ್ದವಳು. ಎರಡು ಹೊತ್ತು ಗಂಜಿ ತಪ್ಪಿದರೆ ಮತ್ತೆ ಮಲಗುವಳು. ಅವಳಿಗಾಗಿಯೇ ಅವನು ಕಣ್ಣು ಬರೆಯುವುದನ್ನು ಮುಂದೆ ಹಾಕಿದ. ನೇಕಾರನನ್ನು ಬರೆದ, ಬಣ್ಣಗಾರನನ್ನು ಬರೆದ, ಬಳೆಗಾರ್ತಿಯನ್ನು ಬರೆದ. ಒಬ್ಬರಿಗೂ ಕಣ್ಣಿಲ್ಲ. ಕೆಲಸದ ಮೇಲೆ ಕಣ್ಣಿಡುವ ಅರಮನೆಯ ಪಾರುಪತ್ತೆಗಾರ ಬಂದು ನೋಡಿ, “ಏನಯ್ಯಾ, ಊರಿಗೆಲ್ಲ ಕಣ್ಣುಬೇನೆಯೇ?” ಎಂದು ನಕ್ಕ.

“ಮುಹೂರ್ತ ಕೂಡಿಬರಲಿ, ಸ್ವಾಮಿ.”

ಮುಹೂರ್ತಗಳು ಬಂದವು, ಹೋದವು.

ಆಮೇಲೆ ಊರಿನಲ್ಲಿ ಒಂದು ಬಗೆಯ ಮಬ್ಬು ಕವಿಯಿತು. ಜನರಿಗೆ ಕಲ್ಲು ಕಾಣುತ್ತಿತ್ತು, ಮರ ಕಾಣುತ್ತಿತ್ತು. ಮನುಷ್ಯರ ಗುರುತು ಮಾತ್ರ ಹತ್ತದಾಯಿತು. ನೇಕಾರ ಪಕ್ಕದ ಮನೆಯ ಬಣ್ಣಗಾರನನ್ನು ತಡೆದು, “ಯಾವ ಊರಾಯಿತಪ್ಪಾ ತಮ್ಮದು?” ಎಂದು ಕೇಳಿದ. ಬಣ್ಣಗಾರ, “ಪರಸ್ಥಳದವನು, ನಿಮ್ಮ ಹಾಗೆಯೇ” ಎಂದ. ಇಬ್ಬರೂ ನಮಸ್ಕಾರ ಮಾಡಿ ಹೋದರು.

ಕಣ್ಣಿಲ್ಲದೆ ಗೋಡೆಯ ಮೇಲಿದ್ದವರಿಗೆಲ್ಲ ಹೀಗಾಗುತ್ತಿದೆಯೆಂದು ಚಿತ್ರಗಾರನಿಗೆ ತಿಳಿಯಿತು. ತಿಳಿದೂ ಇನ್ನೊಂದು ತಿಂಗಳು ಎಂದುಕೊಂಡ. ಮನೆಯಲ್ಲಿ ಹೆಂಡತಿ, “ಮುಗಿಸಿಬಿಡಿ, ಇವರೇ. ಈ ಜೋಳ ಉಂಡರೂ ಮೈಗೆ ಹತ್ತುತ್ತಿಲ್ಲ” ಎಂದಳು. ಅವನು ಮುಖ ಎತ್ತಲಿಲ್ಲ. ಜೋಳ ಅಳೆಯುತ್ತಲೇ, “ನೋಡೋಣ” ಎಂದ.

ಕಡೆಗೊಂದು ದಿನ ತನ್ನ ಮನೆಯ ಹೊರಗೆ ಬರೆಯಲು ಊರಿನಲ್ಲಿ ಯಾರೂ ಉಳಿಯಲಿಲ್ಲ. ಬರೆಯುವವನು ತನ್ನನ್ನು ಬರೆದುಕೊಳ್ಳುವಂತಿಲ್ಲ. ಕೆಲಸ ನಿಲ್ಲಬಾರದಲ್ಲ. ಅವನು ಹೆಂಡತಿಯನ್ನು ಬರೆದ. ಸೀರೆಯ ಅಂಚು ಬರೆದ, ಕೈಬಳೆ ಬರೆದ, ಹಣೆಯ ಕುಂಕುಮ ಬರೆದ. ಸಂಜೆ ಜೋಳ ಹಿಡಿದು ಮನೆಗೆ ಹೋದ.

ಅವಳು ಬಾಗಿಲಿಗೆ ಬಂದಳು. ಸೆರಗು ಮುಂದಕ್ಕೆಳೆದು ತಲೆ ತಗ್ಗಿಸಿದಳು.

“ಯಾರಣ್ಣಾ? ಜೋಳ ಕಳಿಸಿದರೇ? ಅಲ್ಲೇ ಇಡಿ. ನಮ್ಮವರು ಗೋಡೆ ಕೆಲಸಕ್ಕೆ ಹೋಗಿದ್ದಾರೆ, ಇನ್ನೇನು ಬಂದುಬಿಡುತ್ತಾರೆ.”

ಚಿತ್ರಗಾರ ಓಡಿದ. ಇದ್ದ ಬೆಳಕಿನಲ್ಲೇ ಕಣ್ಣು ಬರೆಯತೊಡಗಿದ. ನೇಕಾರನಿಗೆ ಬರೆದ, ಬೀದಿಯಲ್ಲಿ ನೇಕಾರ ಬಣ್ಣಗಾರನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ಬಳೆಗಾರ್ತಿಗೆ ಬರೆದ, ಅವಳು ಮಗಳನ್ನು ಕರೆದು ಅತ್ತದ್ದು ಕೇಳಿಸಿತು. ಒಬ್ಬೊಬ್ಬರಿಗೂ ಬರೆದು ಮುಗಿಸಿದ. ಉಳಿದವಳು ಹೆಂಡತಿ. ಕುಂಚ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಅವಳ ಕಣ್ಣು ಹೇಗಿದ್ದವೆಂದು ಅವನಿಗೆ ನೆನಪಾಗಲಿಲ್ಲ. ಯಾರದೋ ಕಣ್ಣು ಬರೆದರೆ ಆ ಮನೆಯಲ್ಲಿ ಯಾರೋ ಬಂದು ಕೂರುತ್ತಾರೆ ಎಂಬ ಭಯ ಹುಟ್ಟಿತು.

ನೋಡಿಕೊಂಡು ಬರೋಣವೆಂದು ಮನೆಗೆ ಹೋದ. ಪರಪುರುಷನ ಎದುರು ಮುಖ ಎತ್ತುವ ಹೆಂಗಸಲ್ಲ ಅವಳು. ಇವನೇ ನಿನ್ನ ಗಂಡನೆಂದು ನೆರೆಯವರು ಹೇಳಿದರು. ಅವಳು ಬಾಗಿಲು ಮುಚ್ಚಿಕೊಂಡಳು. ಮಾರನೆಯ ದಿನವೂ ಹೋದ. ಅವನ ನೆರಳು ಅಂಗಳಕ್ಕೆ ಬಿದ್ದ ಕೂಡಲೇ ಸೆರಗು ಇಳಿಯಿತು.

ಮುಂದೆ ವ್ಯಾಪಾರ ತಿರುಗಿ ಬಂತು. ಮಗ್ಗಗಳ ಸದ್ದು ಎದ್ದಿತು. ಗೋಡೆ ಮುಗಿದಿಲ್ಲವಾದ್ದರಿಂದ ಅರಸನ ಜೋಳ ನಿಲ್ಲಲಿಲ್ಲ. ಪ್ರತಿ ಸಂಜೆ ಚಿತ್ರಗಾರ ಅದನ್ನು ಹೊಸ್ತಿಲ ಮೇಲೆ ಇಡುತ್ತಾನೆ. “ಒಳ್ಳೆಯದಾಗಲಿ ಅಣ್ಣಾ” ಎಂದು ನೆಲ ನೋಡಿಕೊಂಡೇ ಹೇಳಿ, ಅವಳು ಎರಡು ಎಲೆ ಹಾಕಿ ಗಂಡನಿಗಾಗಿ ಕಾಯುತ್ತಾಳೆ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಇದೆಂಥ ಮಾತು, ಗುರುಗಳೇ! ಅಷ್ಟು ವರ್ಷ ಜೊತೆಗೆ ಬಾಳಿದವನಿಗೆ ಕಟ್ಟಿಕೊಂಡವಳ ಕಣ್ಣು ಮರೆಯುತ್ತದೆಯೇ?”

ಗುರುಗಳೆಂದರು: “ನೀನು ಬೆಳಿಗ್ಗೆ ತಾನೇ ಅವಳ ಕೈಯಿಂದ ಉಂಡು ಬಂದವನು, ನಿನ್ನ ಹೆಂಡತಿಯ ಕಣ್ಣು ಹೇಗಿವೆ, ಹೇಳು.”